ಮೂರು ವಾರಗಳಲ್ಲಿ ಮೊದಲ ವಾರ್ಡ್ ಪೋಸ್ಟಿಂಗ್: ಹೇಗೆ ಸಿದ್ಧಳಾಗಲಿ?

ಪ್ರಶ್ನೆ: ಯಾದಗಿರಿಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯವಳು. ಮಂಗಳೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ. ನರ್ಸಿಂಗ್ ಮೊದಲ ಸೆಮಿಸ್ಟರಿನಲ್ಲಿ ಓದುತ್ತಿದ್ದೇನೆ. ಇನ್ನು ಮೂರು ವಾರ ಕಳೆದರೆ ನಮ್ಮ ತಂಡವನ್ನು ಮೊದಲ ಬಾರಿಗೆ ಆಸ್ಪತ್ರೆಯ ವಾರ್ಡಿಗೆ ಕಳುಹಿಸುತ್ತಾರೆ. ನನಗೆ ಬಂದಿರುವುದು ಹೆಂಗಸರ ಮೆಡಿಕಲ್ ವಾರ್ಡ್, ಬೆಳಗಿನ ಪಾಳಿ.

ಇಲ್ಲಿಯವರೆಗೆ ನಾನು ಕಲಿತದ್ದೆಲ್ಲವೂ ಕಾಲೇಜಿನ ಲ್ಯಾಬಿನಲ್ಲಿ, ಬೊಂಬೆಯ ಮೇಲೆ. ಹಾಸಿಗೆ ಹಾಸುವುದು, ಸ್ಪಂಜ್ ಬಾತ್ ಕೊಡುವುದು, ಜ್ವರ, ನಾಡಿ, ಉಸಿರು ಮತ್ತು ಬಿ.ಪಿ. ನೋಡುವುದು ಇಷ್ಟನ್ನು ಮೇಡಂ ಎದುರಿಗೆ ಮಾಡಿ ತೋರಿಸಿ ಪ್ರೊಸೀಜರ್ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡಿದ್ದೇನೆ. ಆದರೆ ಗೆಳತಿಯ ಕೈಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದಾಗ ಐದರಲ್ಲಿ ಮೂರು ಸಲ ನನಗೆ ಶಬ್ದವೇ ಸರಿಯಾಗಿ ಕೇಳಿಸಲಿಲ್ಲ. ವಾರ್ಡಿನಲ್ಲಿ ಹೀಗಾದರೆ ಏನು ಮಾಡಬೇಕೆಂದು ತೋಚುತ್ತಿಲ್ಲ. ರಕ್ತ, ಗಾಯ ಕಂಡರೆ ತಲೆ ಸುತ್ತಬಹುದೆಂಬ ಹೆದರಿಕೆಯೂ ಇದೆ. ಹೆಪಟೈಟಿಸ್ ಬಿ ಲಸಿಕೆಯ ಒಂದು ಡೋಸ್ ಮಾತ್ರ ಆಗಿದೆ.

ಎಲ್ಲಕ್ಕಿಂತ ದೊಡ್ಡ ಚಿಂತೆ ಭಾಷೆಯದು. ಇಲ್ಲಿನ ವಯಸ್ಸಾದ ಹೆಂಗಸರಲ್ಲಿ ಹಲವರು ತುಳು ಅಥವಾ ಬ್ಯಾರಿ ಮಾತನಾಡುತ್ತಾರೆ, ಕಾಸರಗೋಡಿನ ಕಡೆಯಿಂದ ಬಂದವರು ಮಲಯಾಳ ಮಾತನಾಡುತ್ತಾರೆ. ನನ್ನ ಕನ್ನಡವನ್ನೇ ಹಾಸ್ಟೆಲಿನಲ್ಲಿ ಎರಡೆರಡು ಸಲ ಹೇಳಬೇಕಾಗುತ್ತದೆ. ನಮ್ಮ ಮನೆಯಲ್ಲಿ ಆಸ್ಪತ್ರೆಯ ಕೆಲಸಕ್ಕೆ ಹೊರಟವಳು ನಾನೇ ಮೊದಲು, ಆದ್ದರಿಂದ ಕೇಳಲು ಬೇರೆ ಯಾರೂ ಇಲ್ಲ. ಈ ಮೂರು ವಾರಗಳನ್ನು ಹೇಗೆ ಬಳಸಿಕೊಳ್ಳಬೇಕೆಂದು ಅನುಭವ ಉಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಶುಶ್ರೂಷಾಧಿಕಾರಿ, ಹತ್ತೊಂಬತ್ತು ವರ್ಷಗಳ ಸೇವೆ

ತಂಗಿ, ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಐದರಲ್ಲಿ ಮೂರು ಸಲ ಶಬ್ದ ಕೇಳಿಸಲಿಲ್ಲ ಎಂದು ನೀವೇ ಒಪ್ಪಿಕೊಂಡ ಮಾತು. ಈ ಅಭ್ಯಾಸವನ್ನು ವಾರ್ಡಿಗೂ ಒಯ್ಯಿರಿ. ಕೇಳಿಸದಿದ್ದಾಗ ಕೇಳಿಸಲಿಲ್ಲ ಎನ್ನುವ ವಿದ್ಯಾರ್ಥಿನಿಯಿಂದ ಯಾವ ರೋಗಿಗೂ ಕೇಡಾಗುವುದಿಲ್ಲ. ಹಾಗೆ ಹೇಳಲು ನಾಚಿ, ಪಕ್ಕದ ಹಾಸಿಗೆಯವರ 120/80 ಅನ್ನೇ ಬರೆದುಬಿಡುವವರಿಂದ ಆಗುತ್ತದೆ. ನಾನು ಒಮ್ಮೆ ಅಂಥವಳಾಗಿದ್ದೆ. ಅದನ್ನು ನಿಮಗೆ ಹೇಳಲೇಬೇಕು.

ಎರಡನೆಯ ವರ್ಷದಲ್ಲಿ ನನಗೆ ಗಂಡಸರ ವಾರ್ಡಿನಲ್ಲಿ ಬೆಳಗಿನ ಟಿ.ಪಿ.ಆರ್. (ಜ್ವರ, ನಾಡಿ, ಉಸಿರು) ನೋಡುವ ಕೆಲಸ ಕೊಟ್ಟಿದ್ದರು. ಮೂವತ್ತೆರಡು ಹಾಸಿಗೆಗಳು, ನಾನೊಬ್ಬಳೇ. ಜ್ವರ ನೋಡಿದೆ, ನಾಡಿಯನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದೆ, ಉಸಿರಿನ ಸಾಲಿನಲ್ಲಿ ಮಾತ್ರ ಎಲ್ಲರಿಗೂ 20 ಎಂದು ಬರೆಯುತ್ತ ಹೋದೆ. ನಮ್ಮ ಸೀನಿಯರ್‌ಗಳೂ ಹಾಗೆಯೇ ಬರೆಯುತ್ತಿದ್ದರು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ನ್ಯುಮೋನಿಯಾಕ್ಕೆ ದಾಖಲಾಗಿದ್ದ ಅಜ್ಜನೊಬ್ಬರಿದ್ದರು. ಕಾಲುಗಳನ್ನು ಮಂಚದಿಂದ ಇಳಿಬಿಟ್ಟು, ಎರಡೂ ಅಂಗೈಗಳನ್ನು ಮೊಣಕಾಲಿನ ಮೇಲೆ ಊರಿ, ಮುಂದಕ್ಕೆ ಬಾಗಿ ಕುಳಿತಿದ್ದರು. ಹೇಗಿದ್ದೀರಿ ಅಜ್ಜಾ ಎಂದು ಕೇಳಿದೆ. "ಚಲೋ..." ಎಂದರು. ಉಸಿರೆಳೆದುಕೊಂಡು "ಅದೀನಿ..." ಎಂದರು. ಮತ್ತೊಮ್ಮೆ ಎಳೆದುಕೊಂಡು "ಯವ್ವಾ" ಎಂದರು. ಮೂರು ಪದಗಳಿಗೆ ಮೂರು ಉಸಿರು ಬೇಕಾಗಿತ್ತು. ನಾನು ಅವರ ಬಾಯಿಂದ ಬಂದ 'ಚಲೋ' ಒಂದನ್ನೇ ಕೇಳಿಸಿಕೊಂಡು 20 ಎಂದು ಬರೆದು ಮುಂದಿನ ಹಾಸಿಗೆಗೆ ಹೋದೆ.

ಅರ್ಧ ಗಂಟೆಯ ಬಳಿಕ ಇನ್‌ಚಾರ್ಜ್ ಸಿಸ್ಟರ್ ರೌಂಡ್ಸಿಗೆ ಬಂದರು. ಅಜ್ಜನ ಮಂಚದ ಕಾಲ ಬುಡದಲ್ಲಿ ನಿಂತು, ಅವರನ್ನು ಮುಟ್ಟದೆ, ತಮ್ಮ ಗಡಿಯಾರವನ್ನೂ ಅಜ್ಜನ ಎದೆಯನ್ನೂ ನೋಡುತ್ತ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ನನ್ನನ್ನು ಕರೆದು, ಆಕ್ಸಿಜನ್ ಹಚ್ಚುತ್ತಲೇ, "ನೀನೇ ಎಣಿಸು" ಎಂದರು. ಎಣಿಸಿದೆ. 36 ಬಂತು. ಪ್ರತಿ ಉಸಿರಿಗೂ ಕೊರಳಿನ ಸ್ನಾಯುಗಳು ಹಗ್ಗದಂತೆ ಬಿಗಿಯುತ್ತಿದ್ದವು, ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ಇವೆಲ್ಲ ಅರ್ಧ ಗಂಟೆಯ ಹಿಂದೆಯೂ ನನ್ನ ಕಣ್ಣೆದುರಿಗೇ ಇದ್ದವು. ಡಾಕ್ಟರು ಬಂದರು, ಅಜ್ಜನನ್ನು ಐ.ಸಿ.ಯು.ಗೆ ಸಾಗಿಸಿದರು, ಅವರು ಉಳಿದುಕೊಂಡರು. ಸಿಸ್ಟರ್ ನನ್ನನ್ನು ಬಯ್ಯಲಿಲ್ಲ. ಚಾರ್ಟಿನಲ್ಲಿ 20ರ ಮೇಲೆ ಒಂದೇ ಗೆರೆ ಎಳೆದು, ತಿದ್ದದೆ, ಅಳಿಸದೆ, ಪಕ್ಕದಲ್ಲಿ 36 ಎಂದು ಬರೆದು, ವೇಳೆ ನಮೂದಿಸಿ ಸಹಿ ಹಾಕಲು ಹೇಳಿದರು. ಉಳಿದ ಮೂವತ್ತೊಂದು ಜನರ ಉಸಿರನ್ನೂ ಮತ್ತೆ ಎಣಿಸಿಸಿದರು.

ಆದ್ದರಿಂದ ಈ ಮೂರು ವಾರ ನೀವು ಮಾಡಬೇಕಾದ ಮೊದಲ ಕೆಲಸ ಉಸಿರು ಎಣಿಸುವುದು. ಹಾಸ್ಟೆಲಿನ ಪ್ರತಿಯೊಬ್ಬರದನ್ನೂ ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಸುತ್ತಿದ್ದೇವೆಂದು ತಿಳಿದರೆ ಯಾರ ಉಸಿರಾದರೂ ಬದಲಾಗುತ್ತದೆ. ಅದಕ್ಕಾಗಿ ನಾಡಿ ನೋಡಿ ಮುಗಿದ ಮೇಲೂ ಬೆರಳುಗಳನ್ನು ಮಣಿಕಟ್ಟಿನ ಮೇಲೆಯೇ ಇಟ್ಟುಕೊಂಡು ಎದೆಯ ಏರಿಳಿತವನ್ನು ನೋಡಬೇಕು. ಆರೋಗ್ಯವಂತ ವಯಸ್ಕರಿಗೆ ವಿಶ್ರಾಂತಿಯಲ್ಲಿ ನಿಮಿಷಕ್ಕೆ 12ರಿಂದ 20 ಇರುತ್ತದೆ. 25ರ ಹತ್ತಿರ ಬಂದರೆ ಚಾರ್ಟ್ ಬರೆದು ಮುಗಿಸುವವರೆಗೆ ಕಾಯದೆ ಅಲ್ಲಿಂದಲೇ ಹೋಗಿ ಸಿಸ್ಟರಿಗೆ ಹೇಳಿ. ಹೇಳುವಾಗ "ಅಜ್ಜಿ ಹೇಗೋ ಇದ್ದಾರೆ" ಎನ್ನಬೇಡಿ. ಎಷ್ಟನೆಯ ಹಾಸಿಗೆ, ಯಾವ ಕಾಯಿಲೆಗೆ ದಾಖಲಾದವರು, ನಿನ್ನೆ ಎಷ್ಟಿತ್ತು, ಈಗ ನೀವು ಎಣಿಸಿದ್ದು ಎಷ್ಟು ಎಂಬ ಕ್ರಮದಲ್ಲಿ ಹೇಳಿದರೆ ಎಷ್ಟೇ ಅವಸರದಲ್ಲಿರುವ ಸಿಸ್ಟರೂ ನಿಂತು ಕೇಳುತ್ತಾರೆ.

ಬಿ.ಪಿ.ಯ ಮಾತಿಗೆ ಬಂದರೆ, ಶಬ್ದ ಕೇಳಿಸದಿರಲು ಬಹಳ ಸಲ ಕಾರಣ ಕಿವಿಯಲ್ಲ. ಸ್ಟೆತಸ್ಕೋಪಿನ ಕಿವಿಯ ತುದಿಗಳು ಮುಂದಕ್ಕೆ, ಮೂಗಿನ ದಿಕ್ಕಿಗೆ ಇರಬೇಕು. ಮೊಣಕೈಯ ಒಳಭಾಗದಲ್ಲಿ ಬೆರಳಿಟ್ಟು ನಾಡಿ ಎಲ್ಲಿ ಬಡಿಯುತ್ತಿದೆಯೆಂದು ಹುಡುಕಿ, ಅಲ್ಲಿಯೇ ಬಿಲ್ಲೆಯನ್ನು ಇಡಬೇಕು. ಗಾಳಿ ತುಂಬುವಾಗ ಮಣಿಕಟ್ಟಿನ ನಾಡಿ ಎಲ್ಲಿ ಮಾಯವಾಗುತ್ತದೆಯೋ ಅದಕ್ಕಿಂತ 30 ಮಿ.ಮೀ. ಮೇಲಕ್ಕೆ ಏರಿಸಿ, ಸೆಕೆಂಡಿಗೆ ಸುಮಾರು 2 ಮಿ.ಮೀ.ನಂತೆ ಇಳಿಸಿ. ನಿಮ್ಮ ವಯಸ್ಸಿನಲ್ಲಿ ನಾನು ಗಾಳಿಯನ್ನು ಬುಸ್ಸೆಂದು ಬಿಟ್ಟುಬಿಡುತ್ತಿದ್ದೆ, ಅದರಲ್ಲಿಯೇ ಶಬ್ದ ಕಳೆದುಹೋಗುತ್ತಿತ್ತು. ಪಟ್ಟಿಯ ಅಳತೆಯನ್ನೂ ಗಮನಿಸಿ: ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ರೋಗಿ ಮೆಟ್ಟಿಲು ಹತ್ತಿ ಬಂದಿದ್ದರೆ ಐದು ನಿಮಿಷ ಕುಳ್ಳಿರಿಸಿ ನೋಡಿ. ಇಷ್ಟಾದರೂ ಕೇಳಿಸದಿದ್ದರೆ ಪಟ್ಟಿಯ ಗಾಳಿ ಪೂರ್ತಿ ತೆಗೆದು, ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ಪ್ರಯತ್ನಿಸಿ. ಆಗಲೂ ಆಗದಿದ್ದರೆ ನಿಮ್ಮ ಮೇಡಮ್ಮನ್ನೋ ಸಿಸ್ಟರನ್ನೋ ಕರೆಯಿರಿ. ಒಬ್ಬ ರೋಗಿಯ ತೋಳನ್ನು ನಾಲ್ಕಾರು ಸಲ ಹಿಂಡಬೇಡಿ.

ಡ್ರಿಪ್ಪಿನ ಹನಿಯನ್ನು ಹೊಂದಿಸುವುದು ಈ ಪೋಸ್ಟಿಂಗಿನಲ್ಲಿ ನಿಮ್ಮ ಕೆಲಸವಲ್ಲ, ಆದರೆ ಎಣಿಸಲು ಯಾರ ಅಡ್ಡಿಯೂ ಇಲ್ಲ. ಒಂದು ಮಿ.ಲೀ.ಗೆ 20 ಹನಿ ಬೀಳುವ ಸೆಟ್ಟಿನಲ್ಲಿ 500 ಮಿ.ಲೀ. ದ್ರಾವಣ ಎಂಟು ಗಂಟೆಗಳಲ್ಲಿ ಹೋಗಬೇಕಾದರೆ ನಿಮಿಷಕ್ಕೆ 21 ಹನಿ. ನೀವು ಎಣಿಸಿದಾಗ 60 ಬಂದರೆ ಕ್ಲ್ಯಾಂಪನ್ನು ಮುಟ್ಟದೆ ಸಿಸ್ಟರಿಗೆ ತಿಳಿಸಿ. ಹೃದಯದ ಕಾಯಿಲೆಯ ರೋಗಿಗೆ ಆ ವ್ಯತ್ಯಾಸ ದೊಡ್ಡದು.

ಉತ್ತರ 2: ಸೋಂಕು ನಿಯಂತ್ರಣ ವಿಭಾಗದ ನರ್ಸ್

ಮೇಲಿನ ಅಕ್ಕನವರು ಹೇಳಿದ್ದೆಲ್ಲ ಸರಿ. ನಾನು ಲಸಿಕೆ ಮತ್ತು ಸೂಜಿಯ ವಿಷಯಕ್ಕಷ್ಟೇ ಉತ್ತರಿಸುತ್ತೇನೆ.

ಹೆಪಟೈಟಿಸ್ ಬಿ ಲಸಿಕೆಯನ್ನು 0, 1 ಮತ್ತು 6 ತಿಂಗಳ ಲೆಕ್ಕದಲ್ಲಿ ಮೂರು ಡೋಸ್ ಕೊಡುತ್ತಾರೆ. ನಿಮ್ಮ ಎರಡನೆಯ ಡೋಸಿನ ದಿನಾಂಕ ಪೋಸ್ಟಿಂಗಿಗಿಂತ ಮೊದಲು ಬರುತ್ತದೆಯೇ ಎಂದು ಇಂದೇ ನೋಡಿಕೊಳ್ಳಿ. ಬರುವುದಾದರೆ ಒಂದು ದಿನವೂ ಮುಂದೂಡಬೇಡಿ. ಮೂರನೆಯ ಡೋಸ್ ಆದ ಒಂದೆರಡು ತಿಂಗಳಲ್ಲಿ ರಕ್ತದ ಆಂಟಿಬಾಡಿ ಪರೀಕ್ಷೆ ಮಾಡಿಸಬೇಕು. ಅದರಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ರಕ್ಷಣೆ ಬಂದಿದೆಯೆಂದು ಅರ್ಥ. ಮೂರು ಡೋಸ್ ಪಡೆದರೂ ಕೆಲವರ ದೇಹದಲ್ಲಿ ಸಾಕಷ್ಟು ಆಂಟಿಬಾಡಿ ಹುಟ್ಟುವುದಿಲ್ಲ, ಪರೀಕ್ಷೆ ಮಾಡಿಸದೆ ಅದು ಗೊತ್ತಾಗುವುದಿಲ್ಲ. ಕಾಲೇಜಿನಲ್ಲಿ ಈ ಪರೀಕ್ಷೆಯ ಮಾತು ಬಾರದಿದ್ದರೆ ನೀವೇ ಎತ್ತಿ.

ಮೊದಲ ಪೋಸ್ಟಿಂಗಿನಲ್ಲಿ ಇಂಜೆಕ್ಷನ್ ಕೊಡಿಸುವುದಿಲ್ಲವಾದ್ದರಿಂದ ಸೂಜಿಯ ಭಯವಿಲ್ಲ ಎಂದು ಹುಡುಗಿಯರು ತಿಳಿಯುತ್ತಾರೆ. ನಾನು ಕಂಡ ಮಟ್ಟಿಗೆ ವಿದ್ಯಾರ್ಥಿನಿಯರಿಗೆ ಚುಚ್ಚುವುದು ಇನ್ಯಾರೋ ಬಳಸಿ ಬಿಟ್ಟುಹೋದ ಸೂಜಿ. ಹಾಸಿಗೆಯ ಬೆಡ್‌ಶೀಟ್ ಎಳೆಯುವಾಗ ಅದರ ಮಡಿಕೆಯಲ್ಲಿ, ಟ್ರೇ ತೊಳೆಯುವಾಗ ಹತ್ತಿಯ ಕೆಳಗೆ ಅದು ಸಿಕ್ಕುತ್ತದೆ. ಆದುದರಿಂದ ಬೆಡ್‌ಶೀಟನ್ನು ಬಾಚಿ ಎದೆಗೆ ಅಪ್ಪಿಕೊಳ್ಳದೆ, ಮೊದಲು ನೋಡಿ, ಅಂಚಿನಿಂದ ಸುತ್ತುತ್ತ ಬನ್ನಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಯಾರು ಹೇಳಿದರೂ ಹಾಕಬೇಡಿ.

ಚುಚ್ಚಿಯೇಬಿಟ್ಟರೆ ಆ ಜಾಗವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಹಿಂಡಬೇಡಿ, ಬಾಯಿಗಿಡಬೇಡಿ, ಸ್ಪಿರಿಟ್ ಸುರಿಯಬೇಡಿ. ತಕ್ಷಣ ಸಿಸ್ಟರಿಗೆ ಹೇಳಿ. ಎಚ್.ಐ.ವಿ. ತಡೆಯುವ ಔಷಧಿ ಬೇಕಾದಲ್ಲಿ ಅದನ್ನು ಎರಡು ಗಂಟೆಗಳೊಳಗೆ ಆರಂಭಿಸುವುದು ಉತ್ತಮ, 72 ಗಂಟೆ ಮೀರಿದರೆ ಪ್ರಯೋಜನವಿಲ್ಲ. ಆರಂಭಿಸಿದರೆ 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಬಯ್ಯುತ್ತಾರೆಂಬ ಅಂಜಿಕೆಯಿಂದ ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡು ಹಾಸ್ಟೆಲಿಗೆ ಹೋಗಿ, ನಾಲ್ಕನೆಯ ದಿನ ಅಳುತ್ತ ಬಂದ ಒಬ್ಬ ಹುಡುಗಿಯನ್ನು ನಾನು ನೋಡಿದ್ದೇನೆ. ಆರು ತಿಂಗಳು ಪರೀಕ್ಷೆಗಳನ್ನು ಮಾಡಿಸಿಕೊಳ್ಳುತ್ತ ಆಕೆ ಪಟ್ಟ ಸಂಕಟ ಯಾರಿಗೂ ಬಾರದಿರಲಿ. ಆಕೆಗೆ ಏನೂ ಆಗಲಿಲ್ಲ, ಆದರೆ ಮೊದಲ ಗಂಟೆಯಲ್ಲಿಯೇ ಬಂದು ಹೇಳಿದ್ದರೆ ಆ ಆರು ತಿಂಗಳು ಬೇರೆಯಾಗಿರುತ್ತಿತ್ತು.

ಕಸದ ಬಣ್ಣಗಳನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ನಿಗದಿಪಡಿಸಿವೆ. ಬಾಯಿಪಾಠ ಮಾಡುವುದಕ್ಕಿಂತ ಒಂದು ಇಂಜೆಕ್ಷನ್ ಆದ ಮೇಲೆ ಟ್ರೇಯಲ್ಲಿ ಉಳಿಯುವುದನ್ನು ನೆನೆಸಿಕೊಳ್ಳಿ: ಸೂಜಿ ಬಿಳಿಯ ಗಟ್ಟಿ ಡಬ್ಬಕ್ಕೆ, ಸೂಜಿ ತೆಗೆದ ಸಿರಿಂಜ್ ಮತ್ತು ಕೈಗವಸು ಕೆಂಪಿಗೆ, ರಕ್ತ ಹತ್ತಿದ ಹತ್ತಿ ಹಳದಿಗೆ, ಒಡೆದ ಗಾಜಿನ ಆಂಪ್ಯೂಲ್ ನೀಲಿಗೆ. ಕೈತೊಳೆಯುವುದನ್ನು ನಿಮಗೆ ಕಲಿಸಿಯೇ ಇರುತ್ತಾರೆ. ಒಂದನ್ನು ಸೇರಿಸುತ್ತೇನೆ: ಕೈಗೆ ಉಂಗುರ, ಬಳೆ ಬೇಡ, ಗಡಿಯಾರವನ್ನು ಮಣಿಕಟ್ಟಿನ ಬದಲು ಎದೆಯ ಜೇಬಿಗೆ ಪಿನ್ನಿನಿಂದ ಸಿಕ್ಕಿಸಿಕೊಳ್ಳಿ. ಸೆಕೆಂಡಿನ ಮುಳ್ಳು ಇರುವ ಗಡಿಯಾರವೇ ಆಗಿರಲಿ.

ಉತ್ತರ 3: ರೋಗಿಯೊಬ್ಬರ ಮಗ

ನಾನು ಈ ವೃತ್ತಿಯವನಲ್ಲ. ಪಾರ್ಶ್ವವಾಯು ಬಡಿದ ನನ್ನ ತಾಯಿಯ ಹಾಸಿಗೆಯ ಪಕ್ಕದಲ್ಲಿ ಹದಿನೇಳು ದಿನ ಕುಳಿತವನು. ಅಲ್ಲಿ ಕಂಡದ್ದನ್ನು ಬರೆಯುವುದರಿಂದ ಈ ಮಗಳಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲ ವಾರ ದಿನವೂ ಏಳೆಂಟು ವಿದ್ಯಾರ್ಥಿಗಳು ಒಟ್ಟಿಗೆ ಬಂದು ಹಾಸಿಗೆಯ ಸುತ್ತ ನಿಲ್ಲುತ್ತಿದ್ದರು. ಕೇಸ್ ಶೀಟ್ ನೋಡಿ ಬರೆದುಕೊಳ್ಳುತ್ತಿದ್ದರು, ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಮಾತನಾಡಿಕೊಳ್ಳುತ್ತಿದ್ದರು. ಒಮ್ಮೆ ಪರದೆಯನ್ನೂ ಎಳೆಯದೆ ಹೊದಿಕೆ ಸರಿಸಿದರು. ಮಾತು ಬಿದ್ದುಹೋಗಿದ್ದ ನನ್ನ ತಾಯಿ ಆಡಿಸಬಲ್ಲ ಒಂದೇ ಕೈಯಿಂದ ಸೀರೆಯ ಸೆರಗನ್ನು ಹುಡುಕಿದ್ದು ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ. ಆ ಮಕ್ಕಳಲ್ಲಿ ಯಾರೂ ಕೆಟ್ಟವರಲ್ಲ. ಮಾತನಾಡಲಾರದವರಿಗೂ ಕೇಳಿಸುತ್ತಿರಬಹುದು, ತಿಳಿಯುತ್ತಿರಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲವೇನೋ.

ಎಂಟನೆಯ ದಿನ ಒಬ್ಬ ಹುಡುಗಿ ಒಬ್ಬಳೇ ಬಂದಳು. ತಾಯಿಯ ಮುಖದ ಮಟ್ಟಕ್ಕೆ ಬಾಗಿ ತನ್ನ ಹೆಸರು ಹೇಳಿದಳು, ತಾನು ವಿದ್ಯಾರ್ಥಿನಿ ಎಂದು ಹೇಳಿದಳು. "ಅಮ್ಮಾ, ನಿಮ್ಮ ಬೆನ್ನು ಒರೆಸಲೇ? ಆಗಬಹುದಾದರೆ ನನ್ನ ಕೈ ಒತ್ತಿ" ಎಂದು ಕೇಳಿ, ತಾಯಿ ಕೈ ಒತ್ತುವವರೆಗೂ ಕಾದಳು. ಪರದೆ ಎಳೆದಳು. ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಮಗ್ಗುಲಿಗೆ ತಿರುಗಿಸಿ ಒರೆಸುವಾಗ ಸೊಂಟದ ಕೆಳಗಿನ ಎಲುಬಿನ ಮೇಲೆ ರೂಪಾಯಿ ನಾಣ್ಯದಷ್ಟು ಜಾಗ ಕೆಂಪಾಗಿರುವುದನ್ನು ಕಂಡು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟಳು. ಒತ್ತಿದಾಗ ಬಿಳುಪಾಗದೆ ಕೆಂಪಾಗಿಯೇ ಉಳಿದರೆ ಅದು ಬೆಡ್ ಸೋರಿನ ಮೊದಲ ಹಂತ ಎಂದು ನನಗೆ ವಿವರಿಸಿ, ಸಿಸ್ಟರನ್ನು ಕರೆತಂದಳು. ಅಂದೇ ಗಾಳಿಹಾಸಿಗೆ ಬಂತು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ನನಗೂ ಕಲಿಸಿದರು. ಚರ್ಮ ಒಡೆಯಲಿಲ್ಲ. ಹದಿನೇಳು ದಿನಗಳಲ್ಲಿ ನನ್ನ ತಾಯಿಗೆ ಅತ್ಯಂತ ದೊಡ್ಡ ಉಪಕಾರ ಮಾಡಿದವಳು ಇಂಜೆಕ್ಷನ್ ಕೊಡಲು ಇನ್ನೂ ಅನುಮತಿಯಿಲ್ಲದ ಆ ಹುಡುಗಿ.

ಇನ್ನೊಂದು ಬೇಡಿಕೆ. ವಾರ್ಡಿನಲ್ಲಿ ಫೋಟೋ ತೆಗೆಯಬೇಡಿ. ನಿಮ್ಮದೇ ಫೋಟೋ ಆದರೂ ಹಿಂದೆ ಯಾರೋ ಮಲಗಿರುತ್ತಾರೆ. ಬಸ್ಸಿನಲ್ಲಿ ಗೆಳತಿಯರೊಡನೆ ರೋಗಿಯ ಕಥೆ ಹೇಳುವಾಗ ಮುಂದಿನ ಸೀಟಿನಲ್ಲಿ ಆ ರೋಗಿಯ ನೆಂಟರೇ ಕುಳಿತಿರಬಹುದು.

ಉತ್ತರ 4: ವಿಜಯಪುರದ ಹುಡುಗಿ, ಕೊನೆಯ ವರ್ಷ

ನಾನೂ ನಿಮ್ಮ ಹಾಗೆಯೇ ಗಟ್ಟದ ಮೇಲಿನಿಂದ ಮಂಗಳೂರಿಗೆ ಬಂದವಳು, ಆದುದರಿಂದ ಭಾಷೆಯ ಬಗ್ಗೆ ಧೈರ್ಯ ಹೇಳಬಲ್ಲೆ. ನಮ್ಮ ಕಡೆ ಹೊಟ್ಟಿಬ್ಯಾನಿ ಎನ್ನುತ್ತೇವಲ್ಲ, ತುಳುವಿನಲ್ಲಿ ಅದು ಬಂಜಿಬೇನೆ. ನಮ್ಮ ಬ್ಯಾನಿ, ಅವರ ಬೇನೆ ಒಂದೇ. ಮೈಸೂರು ಕಡೆಯ ನನ್ನ ಗೆಳತಿ ನೋವು, ನೋವು ಎಂದು ಕೇಳುತ್ತ ನಿಂತಿದ್ದಾಗ ನಾನು "ಓಲು ಬೇನೆ?" ಎಂದು ಕೇಳಿದೆ, ಅಜ್ಜಿ ಕೂಡಲೇ ಕೈಯನ್ನು ಪಕ್ಕೆಯ ಮೇಲೆ ಇಟ್ಟು ತೋರಿಸಿದರು. ತಲೆಗೆ ತರೆ, ಎದೆಗೆ ತಿಗಲೆ, ಉಸಿರಿಗೆ ಉಸುಲು. ಹೇಗಿದ್ದೀರಿ ಎನ್ನಲು "ಎಂಚ ಉಲ್ಲರ್?" ಇಷ್ಟನ್ನು ಈ ವಾರವೇ ಕಲಿಯಿರಿ. ನಿಮ್ಮ ಉಚ್ಚಾರಣೆ ಕೇಳಿ ಅವರು ನಗಬಹುದು, ಆ ನಗುವಿನ ಬಳಿಕ ಊಟ ಮಾಡಿದೆಯಾ ಎಂದು ಅವರೇ ವಿಚಾರಿಸುತ್ತಾರೆ. ಬ್ಯಾರಿಯಾಗಲಿ ಮಲಯಾಳವಾಗಲಿ ತಿಳಿಯದಿದ್ದಾಗ ಜೊತೆಯಲ್ಲಿರುವ ಮನೆಯವರನ್ನೋ ವಾರ್ಡಿನ ಅಕ್ಕಂದಿರನ್ನೋ ಕೇಳಿ. ಆದರೆ ಹೆಂಗಸರ ಗುಟ್ಟಿನ ಕಾಯಿಲೆಯ ಪ್ರಶ್ನೆಗಳನ್ನು ಪಕ್ಕದ ಹಾಸಿಗೆಯವರ ಮೂಲಕ ಕೇಳಿಸಬೇಡಿ, ಸಿಸ್ಟರಿಗೆ ಬಿಡಿ. ಅರ್ಥವಾಗದಿದ್ದರೂ ಹೂಂ ಎಂದು ತಲೆಯಾಡಿಸುವುದು ಮಾತ್ರ ಬೇಡ.

ತಲೆ ಸುತ್ತುವ ವಿಷಯ: ಮೊದಲ ಡ್ರೆಸ್ಸಿಂಗ್ ನೋಡುವಾಗ ನನಗೂ ಕಣ್ಣು ಕತ್ತಲಿಟ್ಟಿತು. ಹಾಸ್ಟೆಲಿನ ತಿಂಡಿ ಬರುವ ಮೊದಲೇ ಬಸ್ಸು ಹೊರಟಿತ್ತು, ನಾನು ಬರಿಹೊಟ್ಟೆಯಲ್ಲಿದ್ದೆ. ಹಿಂದಿನ ರಾತ್ರಿಯೇ ಬಾಳೆಹಣ್ಣು, ಬನ್ನು ತೆಗೆದಿಟ್ಟುಕೊಳ್ಳಿ. ಕಿವಿಯಲ್ಲಿ ಗುಂಯ್ ಎನ್ನತೊಡಗಿದರೆ, ಬೆವರು ಕಿತ್ತುಕೊಂಡರೆ, ಪಕ್ಕದವರಿಗೆ ಹೇಳಿ ಅಲ್ಲಿಯೇ ನೆಲಕ್ಕೆ ಕುಳಿತುಬಿಡಿ. ನಿಂತುಕೊಂಡೇ ಸಹಿಸಲು ಹೋದವರು ಬಿದ್ದು ತಲೆ ಒಡೆದುಕೊಳ್ಳುತ್ತಾರೆ. ಎರಡು ಮೂರು ಸಲ ನೋಡಿದ ಮೇಲೆ ನನಗೆ ಹಾಗಾಗಲಿಲ್ಲ.

ಚೀಲದಲ್ಲಿ ಜೇಬಿಗೆ ಹಿಡಿಯುವ ಪುಸ್ತಕ, ನೀಲಿ ಮತ್ತು ಕೆಂಪು ಪೆನ್ನು, ಕತ್ತರಿ, ನಿಮ್ಮದೇ ಸ್ಟೆತಸ್ಕೋಪ್, ನೀರಿನ ಬಾಟಲಿ ಇದ್ದರೆ ಸಾಕು. ಪಾದ ಪೂರ್ತಿ ಮುಚ್ಚುವ ಬೂಟುಗಳನ್ನು ಈಗಲೇ ಕೊಂಡು ಹಾಸ್ಟೆಲಿನಲ್ಲಿ ಹಾಕಿಕೊಂಡು ಓಡಾಡಿ. ಹೊಸ ಬೂಟು ಮೊದಲ ದಿನವೇ ಹಿಮ್ಮಡಿಯನ್ನು ಕಚ್ಚಿದರೆ ಆರು ಗಂಟೆ ನಿಲ್ಲಲಾಗುವುದಿಲ್ಲ.

ಯಾದಗಿರಿಯ ವಿದ್ಯಾರ್ಥಿನಿ

ಎಲ್ಲರಿಗೂ ಕೃತಜ್ಞತೆಗಳು. ಎರಡನೆಯ ಡೋಸಿನ ದಿನಾಂಕ ನೋಡಿದೆ, ಪೋಸ್ಟಿಂಗಿಗಿಂತ ಐದು ದಿನ ಮೊದಲೇ ಬರುತ್ತದೆ. ನಿನ್ನೆ ರಾತ್ರಿ ನಮ್ಮ ಮಹಡಿಯ ಹನ್ನೊಂದು ಜನರ ಉಸಿರನ್ನು ಪೂರ್ತಿ ನಿಮಿಷ ಎಣಿಸಿದೆ. ಹೆಚ್ಚಿನವರದು 14ರಿಂದ 18ರೊಳಗೆ ಇತ್ತು. ಒಬ್ಬಳದು 24 ಬಂದಾಗ ಗಾಬರಿಯಾಯಿತು, ಅವಳು ಆಗಷ್ಟೇ ಮೂರು ಮಹಡಿ ಹತ್ತಿ ಬಂದಿದ್ದಳು. ಹತ್ತು ನಿಮಿಷ ಬಿಟ್ಟು ಎಣಿಸಿದರೆ 16. ಒಂದು ಸಂದೇಹ ಉಳಿದಿದೆ. ಎಣಿಸುತ್ತಿರುವಾಗ ರೋಗಿ ಮಾತನಾಡಿದರೆ, ಕೆಮ್ಮಿದರೆ, ಅಲ್ಲಿಯವರೆಗಿನ ಎಣಿಕೆಗೆ ಮುಂದಿನದನ್ನು ಸೇರಿಸಬಹುದೇ?

ಉತ್ತರ 1 ಬರೆದ ಶುಶ್ರೂಷಾಧಿಕಾರಿ

ಸೇರಿಸಬೇಡಿ ತಂಗಿ. ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ, ಉಸಿರು ಮೊದಲಿನಂತಾಗುವವರೆಗೆ ಬೆರಳುಗಳನ್ನು ಮಣಿಕಟ್ಟಿನ ಮೇಲೆಯೇ ಇಟ್ಟುಕೊಂಡಿರಿ, ಆಮೇಲೆ ಒಂದರಿಂದ ಎಣಿಸಿ. ಮಾತನಾಡುವಾಗ ಒಂದು ವಾಕ್ಯವನ್ನು ಎಷ್ಟು ಉಸಿರಿನಲ್ಲಿ ಮುಗಿಸಿದರು ಎಂಬುದನ್ನೂ ಗಮನಿಸಿ, ಅದನ್ನೂ ಸಿಸ್ಟರಿಗೆ ಹೇಳಿ. ಪೋಸ್ಟಿಂಗಿನ ಮೊದಲ ದಿನ ಹೇಗಾಯಿತೆಂದು ಇಲ್ಲಿಯೇ ಬರೆಯಿರಿ, ಕಾಯುತ್ತಿರುತ್ತೇನೆ.